ಬೂಟಿನ ಅಳತೆ

ಪಾದರಕ್ಷೆಗೆ ಸಂಸ್ಕೃತದಲ್ಲಿ 'ಉಪಾನಹ' ಎಂಬ ಹೆಸರುಂಟು. 'ಉಪ' ಎಂದರೆ ಸಮೀಪ. 'ನಹ್' ಧಾತುವಿಗೆ ಕಟ್ಟುವುದೆಂದು ಅರ್ಥ. ಕಾಲಿಗೆ ಹತ್ತಿಸಿ ಕಟ್ಟಿದುದೇ ಉಪಾನಹ. ಆದರೆ ಎಲ್ಲಿ ಬಿಗಿಯಬೇಕು, ಎಲ್ಲಿ ಸಡಿಲ ಬಿಡಬೇಕು ಎಂಬುದನ್ನು ಶಬ್ದವು ಹೇಳದು.

ಲಗ್ನದ ದಿನಗಳಲ್ಲಿ ಕಾರವಾರ, ಅಂಕೋಲೆಗಳ ಅಂಗಡಿಗೆ ಹಿರಿಯರು ಬಂದು, ಮುಂಬಯಿಯಲ್ಲಿರುವ ವರನಿಗಾಗಿ "ಎಂಟನೆಯ ನಂಬರಿನ ಬೂಟು ಕೊಡಿ" ಎಂದು ಕೇಳುವುದುಂಟು. ವರನ ಪಾದ ಅಲ್ಲಿಲ್ಲ, ನಂಬರು ಮಾತ್ರ ಇದೆ! ನಮ್ಮಲ್ಲಿ ಬಹುಕಾಲದಿಂದ ರೂಢಿಯಲ್ಲಿರುವ ಇಂಗ್ಲಿಷ್ ಲೆಕ್ಕದಲ್ಲಿ ಒಂದು ನಂಬರಿಗೂ ಮುಂದಿನದಕ್ಕೂ ಇಂಚಿನ ಮೂರನೆಯ ಒಂದು ಭಾಗ, ಎಂದರೆ ಒಂದು ಜವೆಗೋದಿಯ ಕಾಳಿನಷ್ಟು, ಅಂತರ. ಯುರೋಪಿನ 41, 42 ಎಂಬ ಲೆಕ್ಕದಲ್ಲಿ ಸೆಂಟಿಮೀಟರಿನ ಮೂರರಲ್ಲೆರಡು ಭಾಗ. ಎರಡೂ ಉದ್ದವನ್ನೇ ಹೇಳುತ್ತವೆ, ಅಗಲದ ಮಾತಿಲ್ಲ.

ತೊಡಕಿರುವುದು ಅಗಲದಲ್ಲಿಯೇ. ಕಡಲ ದಂಡೆಯ ಮಳಲಿನಲ್ಲಿ, ಗದ್ದೆಯ ಕೆಸರಿನಲ್ಲಿ ಬರಿಗಾಲಿನಿಂದ ಬೆಳೆದವರ ಬೆರಳುಗಳು ಬಿಡಿಬಿಡಿಯಾಗಿ ಹರಡಿರುತ್ತವೆ. ಚೆನ್ನೈಯ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯವರು 2021ರ ಡಿಸೆಂಬರಿನಿಂದ 2022ರ ಮಾರ್ಚಿಯವರೆಗೆ ದೇಶದ 79 ಕಡೆಗಳಲ್ಲಿ ಲಕ್ಷಕ್ಕೂ ಮಿಕ್ಕ ಜನರ ಪಾದಗಳನ್ನು ಅಳೆದು, ಭಾರತೀಯರ ಪಾದವು ಪಾಶ್ಚಾತ್ಯರದಕ್ಕಿಂತ ಅಗಲವೆಂದು ಕಂಡರು. ನಮ್ಮವರಿಗೆ ತಕ್ಕ 'ಭ' ಎಂಬ ಬೇರೆ ಅಳತೆಯನ್ನೂ ಸೂಚಿಸಿದರು. ಅಗಲ ಸಾಲದೆಂದು ನಾವು ಮಾಡುವುದೇನು? ಒಂದು ನಂಬರು ಉದ್ದದ ಬೂಟನ್ನು ಕೊಳ್ಳುತ್ತೇವೆ. ಕುತ್ತಿಗೆ ಬಿಗಿಯೆಂದು ತೋಳುದ್ದದ ಅಂಗಿ ಕೊಂಡಂತೆ ಇದು. ಪಾದ ಮಡಿಯುವಲ್ಲಿ ಬೂಟು ಮಡಿಯದು. ಹಿಮ್ಮಡಿ ಹೆಜ್ಜೆಹೆಜ್ಜೆಗೂ ಎದ್ದು ತಿಕ್ಕುತ್ತದೆ.

ಸಂಜೆಯ ಹೊತ್ತು ಅಂಗಡಿಗೆ ಹೋಗುವುದು ಮೇಲು. ದಿನವಿಡೀ ಓಡಾಡಿದ ಪಾದ ಆಗ ತುಸು ಊದಿರುತ್ತದೆ. ಕಾಲುಚೀಲ ಧರಿಸಿ, ಎರಡೂ ಬೂಟುಗಳನ್ನು ಹಾಕಿ, ಎದ್ದು ನಿಂತು ನೋಡಬೇಕು. ಇಬ್ಬದಿಯ ಪಾದಗಳು ಸಮವಾಗಿರುವುದು ವಿರಳ. ದೊಡ್ಡದನ್ನೇ ಪ್ರಮಾಣವಾಗಿ ಹಿಡಿಯತಕ್ಕದ್ದು. ಅತ್ಯಂತ ಉದ್ದದ ಬೆರಳಿನ ಮುಂದೆ ಒಂದು ಅಡ್ಡಬೆರಳಿನಷ್ಟು ತೆರಪಿರಲಿ. ಆ ಬೆರಳು ಹೆಬ್ಬೆರಳೇ ಆಗಬೇಕೆಂದಿಲ್ಲ, ಎಷ್ಟೋ ಜನರಿಗೆ ಅದರ ಪಕ್ಕದ್ದೇ ಉದ್ದ. ಬಿಗಿತವು ಪಾದದ ಮೇಲ್ಭಾಗದಲ್ಲಿ, ಲಾಡಿ ಕಟ್ಟುವಲ್ಲಿರಬೇಕು, ಬೆರಳುಗಳಿಗೆ ಸ್ವಾತಂತ್ರ್ಯವಿರಬೇಕು. ಅಗಲ ಪಾದದವರಿಗೆ, ಲಾಡಿಯ ಪಟ್ಟಿಗಳೆರಡೂ ಬಿಡಿಯಾಗಿ ತೆರೆದುಕೊಳ್ಳುವ ಡರ್ಬಿ ಬಗೆಯದು ಆಕ್ಸ್‌ಫರ್ಡ್ ಬಗೆಯದಕ್ಕಿಂತ ಅನುಕೂಲ. "ಹಾಕ್ತಾ ಹಾಕ್ತಾ ಸಡ್ಲಾಗ್ತದೆ, ಮಾಸ್ತರರೇ" ಎಂದು ಅಂಗಡಿಕಾರನು ಹೇಳುವನು. ನಿಜವಾದ ಚರ್ಮ ಅಡ್ಡಕ್ಕೆ ಕೊಂಚ ಹಿಗ್ಗುವುದು ಹೌದು, ಉದ್ದಕ್ಕೆ ಹಿಗ್ಗದು. ಕೃತಕ ಚರ್ಮವಂತೂ ಜಗ್ಗುವುದೇ ಅಪೂರ್ವ.

ದೂರದ ವರನು ಬರಿಗಾಲಿನಲ್ಲಿ ಕಾಗದದ ಮೇಲೆ ನಿಲ್ಲಲಿ. ಇನ್ನೊಬ್ಬರು ಪೆನ್ಸಿಲನ್ನು ನೆಟ್ಟಗೆ ಹಿಡಿದು ಪಾದದ ಸುತ್ತ ಗೆರೆಯೆಳೆದು ಅದನ್ನು ಕಳುಹಿಸಲಿ. ಆ ಗೆರೆಯ ಮೇಲೆ ಬೂಟಿನ ಅಟ್ಟೆಯನ್ನಿಟ್ಟಾಗ ಗೆರೆಯು ಹೊರಗೆ ಇಣುಕಿದರೆ ಆ ಜೋಡನ್ನು ಹಿಂದಕ್ಕೆ ಕೊಡಬೇಕು.

ವರನಿಗೆ ಇದರಿಂದ ಒಂದು ಗುಳ್ಳೆ ಎದ್ದೀತು, ನಾಲ್ಕು ದಿನಗಳಲ್ಲಿ ಮಾಯ್ದೀತು. ಆದರೆ ಅದೇ ಲಗ್ನಕ್ಕೆಂದು ಹೊಸ ಬೂಟು ಹಾಕುವ ಅಜ್ಜನಿಗೆ ಮಧುಮೇಹವಿದ್ದರೆ? ಬಹುಕಾಲದ ಮಧುಮೇಹದಲ್ಲಿ ಪಾದದ ಸ್ಪರ್ಶಜ್ಞಾನ ಕುಂದುವುದುಂಟು. ಬೂಟು ಕಚ್ಚಿದುದೇ ಅವರಿಗೆ ತಿಳಿಯದು. ಗುಳ್ಳೆ ಹುಣ್ಣಾಗಿ, ಹುಣ್ಣು ಕೊಳೆತು, ಬೆರಳನ್ನೋ ಕಾಲನ್ನೋ ಕತ್ತರಿಸಬೇಕಾಗಿ ಬಂದ ಮನೆಗಳಿವೆ. ಅಂಥವರ ವಿಷಯದಲ್ಲಿ "ನೋಯುತ್ತದೆಯೇ?" ಎಂದು ಕೇಳಿದರೆ ಪ್ರಯೋಜನವಿಲ್ಲ. ಹೊಸ ಬೂಟನ್ನು ಮೊದಲ ದಿನ ಗಂಟೆಗಿಂತ ಹೆಚ್ಚು ಹಾಕಗೊಡದೆ, ತೆಗೆದ ಮೇಲೆ ಬೆಳಕಿನಲ್ಲಿ ಬೆರಳ ಸಂದು, ಅಂಗಾಲು, ಹಿಮ್ಮಡಿಗಳನ್ನು ಮನೆಯವರೇ ನೋಡಬೇಕು. ಕೆಂಪು ಗುರುತು ಕಂಡರೆ ಆ ಬೂಟನ್ನು ಮತ್ತೆ ಹಾಕಿಸಕೂಡದು. ಚರ್ಮ ಒಡೆದಿದ್ದರೆ ವೈದ್ಯರಲ್ಲಿಗೆ ಅಂದೇ ಹೋಗಬೇಕು.

ಲಗ್ನಕ್ಕೆ ಹದಿನೈದು ದಿನ ಮುಂಚೆಯೇ ಕೊಂಡರೆ ಮನೆಯೊಳಗೆ ಚಾಪೆಯ ಮೇಲೆ ನಡೆದು ಪರೀಕ್ಷಿಸಬಹುದು. ಅಟ್ಟೆಗೆ ಮಣ್ಣು ಹತ್ತದಿದ್ದರೆ ಬದಲಿಸಿಕೊಡಲು ಅಂಗಡಿಕಾರನೂ ಬಹುಶಃ ಒಪ್ಪುವನು.