ಕತ್ತರಿಯ ಮೇಲೆ ಕೋಪ, ಕಸಾಯಿಖಾನೆಗೆ ಮೌನ

ಜೀನುಗಳನ್ನು ಕತ್ತರಿಸಿ ಜೋಡಿಸುವ ವಿದ್ಯೆಯೇ ಹಿಂಸೆ, ಅದರಿಂದ ಬಂದ ಔಷಧಿ ಶ್ರಾವಕರಿಗೆ ವರ್ಜ್ಯ ಎಂದು ವಾದಿಸುವವರಿದ್ದಾರೆ. ಈ ವಾದದಲ್ಲಿ ಶ್ರದ್ಧೆಯಿದೆ, ವಿವೇಕವಿಲ್ಲ.

ಆ ಕತ್ತರಿ ಮನುಷ್ಯನ ಸೃಷ್ಟಿಯಲ್ಲ. ಒಳನುಗ್ಗಿದ ವೈರಸ್ಸಿನ ಡಿ.ಎನ್.ಎ.ಯನ್ನು ತುಂಡರಿಸಲು ಬ್ಯಾಕ್ಟೀರಿಯಾ ಹೊಂದಿರುವ ಕಿಣ್ವವದು. ಸ್ವಂತ ಡಿ.ಎನ್.ಎ.ಗೆ ಮೀಥೈಲ್ ಗುರುತು ಹಾಕಿ ಅದು ತನ್ನನ್ನು ಕಾಪಾಡಿಕೊಳ್ಳುತ್ತದೆ. 'ಇಕೋ ಆರ್ ಒನ್' ಎಂಬ ಕಿಣ್ವವು ಜಿ-ಎ-ಎ-ಟಿ-ಟಿ-ಸಿ ಎಂಬ ಆರಕ್ಷರದ ಸಾಲನ್ನು ಗುರುತಿಸಿ, ಜಿ ಮತ್ತು ಎ ನಡುವೆ ಕತ್ತರಿಸುತ್ತದೆ. ಅದೇ ಕಿಣ್ವದಿಂದ ಕತ್ತರಿಸಿದ ಬೇರೆ ಜೀವಿಯ ತುಂಡು ಆ ಅಂಟುತುದಿಗಳಿಗೆ ಹೊಂದುತ್ತದೆ. ಲೈಗೇಸ್ ಎಂಬ ಇನ್ನೊಂದು ಕಿಣ್ವ ಬೆಸೆಯುತ್ತದೆ. ಬೆಸೆದದ್ದು ಬ್ಯಾಕ್ಟೀರಿಯಾದೊಳಗೆ ಸೇರಿ, ಅದು ವೃದ್ಧಿಸಿದಂತೆಲ್ಲ ಪ್ರತಿಗಳಾಗುತ್ತದೆ. 1973ರಲ್ಲಿ ಸ್ಟ್ಯಾನ್ಲಿ ಕೊಹೆನ್ ಮತ್ತು ಹರ್ಬರ್ಟ್ ಬೋಯರ್ ಇದನ್ನು ಸಾಧಿಸಿ ತೋರಿಸಿದರು.

ಇದಕ್ಕೆ ಮುಂಚೆ ಇನ್ಸುಲಿನ್ ಎಲ್ಲಿಂದ ಬರುತ್ತಿತ್ತು? ಕಸಾಯಿಖಾನೆಯ ಹಂದಿ, ದನಗಳ ಮೇದೋಜೀರಕ ಗ್ರಂಥಿಯಿಂದ. 8 ಔನ್ಸ್ ಶುದ್ಧ ಇನ್ಸುಲಿನ್ನಿಗೆ ಎರಡು ಟನ್ನಿಗೂ ಹೆಚ್ಚು ಪ್ರಾಣಿಯ ಅಂಗ ಬೇಕಾಗುತ್ತಿತ್ತು. ಬ್ಯಾಕ್ಟೀರಿಯಾದಲ್ಲಿ ತಯಾರಾದ ಮಾನವ ಇನ್ಸುಲಿನ್ನಿಗೆ 1982ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. 2004ರಲ್ಲಿ ಬೆಂಗಳೂರಿನ ಬಯೋಕಾನ್ ಯೀಸ್ಟಿನಲ್ಲಿ ತಯಾರಿಸಿದ ಇನ್ಸುಲಿನ್ನನ್ನು ಮಾರುಕಟ್ಟೆಗೆ ತಂದಿತು. ಮಹಾಗಾಂವದಲ್ಲಾಗಲಿ ಕಲಬುರಗಿಯಲ್ಲಾಗಲಿ ನಿತ್ಯ ಇನ್ಸುಲಿನ್ ಚುಚ್ಚಿಕೊಳ್ಳಬೇಕಾದ ಶ್ರಾವಕನಿಗೆ ಹಂದಿಯ ಗ್ರಂಥಿಯ ಹಂಗು ತಪ್ಪಿದ್ದು ಈ ಕತ್ತರಿಯಿಂದಲೇ. ಅದನ್ನು ನಿಷೇಧಿಸಿದರೆ ರೋಗಿಯ ಪಾಲಿಗೆ ಉಳಿಯುವುದು ಸಾವು, ಇಲ್ಲವೇ ಕಸಾಯಿಖಾನೆ.

ಬ್ಯಾಕ್ಟೀರಿಯಾ, ಯೀಸ್ಟುಗಳೂ ಜೀವಗಳಲ್ಲವೇ ಎಂಬ ಆಕ್ಷೇಪ ನ್ಯಾಯವಾದುದೇ. ಅವುಗಳನ್ನು ಏಕೇಂದ್ರಿಯವೆಂದೇ ಎಣಿಸೋಣ. ಆದರೆ ಗೃಹಸ್ಥನ ಅಣುವ್ರತ ಮೊದಲು ತಡೆಯುವುದು ತ್ರಸಜೀವಿಗಳ ಸಂಕಲ್ಪಹಿಂಸೆಯನ್ನು; ಸ್ಥಾವರ ಜೀವಗಳ ವಿಷಯದಲ್ಲಿ ಅದು ಕೇಳುವುದು ಅನಗತ್ಯ ಹಿಂಸೆಯ ತ್ಯಾಗವನ್ನು. ಪಂಚೇಂದ್ರಿಯ ಪಶುವಿನ ವಧೆಯನ್ನೂ ಏಕೇಂದ್ರಿಯದ ಹಾನಿಯನ್ನೂ ಒಂದೇ ತಕ್ಕಡಿಯಲ್ಲಿ ಸಮವೆಂದು ತೂಗುವವನು ಆಗಮವನ್ನೂ ಅರಿತವನಲ್ಲ, ವ್ಯಾಪಾರವನ್ನೂ ಅರಿತವನಲ್ಲ. ಮಹಾವೀರಾಚಾರ್ಯನು 'ಗಣಿತಸಾರಸಂಗ್ರಹ'ವನ್ನು ರಚಿಸಿದ್ದು ಮಳಖೇಡದಿಂದ ಆಳಿದ ಅಮೋಘವರ್ಷನ ಕಾಲದಲ್ಲಿ. ಆ ನಾಡಿನ ಜೈನರಿಗೆ ಲೆಕ್ಕ ತಪ್ಪುವುದು ಶೋಭೆಯಲ್ಲ.

ಹಾಗೆಂದು ಪ್ರಯೋಗಶಾಲೆಯಿಂದ ಬಂದುದೆಲ್ಲ ನಿರ್ದೋಷವಲ್ಲ. ಈ ಕಿಣ್ವಗಳ ದ್ರಾವಣಗಳಲ್ಲೇ ದನದ ರಕ್ತದ ಆಲ್ಬುಮಿನ್ ಬಹುಕಾಲ ಬಳಕೆಯಲ್ಲಿತ್ತು. ಪ್ರಾಣಿಮೂಲವಲ್ಲದ ಆಲ್ಬುಮಿನ್ ಈಗ ದೊರೆಯುತ್ತದೆ. ಪ್ರಶ್ನೆ ಹುಟ್ಟಬೇಕಾದದ್ದು ಇಲ್ಲಿ. ಔಷಧದಾನ ಮಾಡುವ ಬಸದಿ ಟ್ರಸ್ಟುಗಳು ತಯಾರಕರಿಗೆ ಪತ್ರ ಬರೆದು ಕೇಳಲಿ: ಇದರ ಮೂಲವೇನು? ತಯಾರಿಕೆಯಲ್ಲಿ ಪ್ರಾಣಿಜನ್ಯ ವಸ್ತು ಸೇರಿದೆಯೇ? ಬದಲಿ ಉಂಟೇ? ಉತ್ತರವನ್ನು ಕಡತದಲ್ಲಿಟ್ಟು ಖರೀದಿಸಲಿ. ವಿಚಾರಿಸದೆ ಶಪಿಸುವುದೂ ವಿಚಾರಿಸದೆ ಕೊಳ್ಳುವುದೂ ಪ್ರಮಾದವೇ. ಪ್ರಮಾದವಿದ್ದಲ್ಲಿ ಹಿಂಸೆಯಿದೆ ಎಂಬುದು ತತ್ತ್ವಾರ್ಥಸೂತ್ರದ ನಿಲುವು.