ದಣಿದಿದ್ದು ಪಾಪ ಅಲ್ಲ ಮಾರಾಯ್ರೇ

1/6
ಫೋಟೋದಲ್ಲಿ ವಿಶೇಷ ಏನೂ ಇಲ್ಲ. ವಾನಳ್ಳಿ, ನಮ್ಮನೆ ಜಗಲಿ, ಹೊರಗೆ ಮಳೆ, ಮುಚ್ಚಿಟ್ಟ ಕಾಸ್ಟ್ ಅಕೌಂಟಿಂಗ್ ಪುಸ್ತಕ. ಹೋದ ಸೆಮಿಸ್ಟರ್‌ನಲ್ಲಿ ಇದನ್ನ ಮುಚ್ಚೋಕೂ ಭಯ ಆಗ್ತಿತ್ತು. ರಾತ್ರಿ ಎರಡಕ್ಕೆ ಮಲಗೋದು, ಬೆಳಿಗ್ಗೆ ಶಿರಸಿ ಬಸ್ಸಲ್ಲಿ ನಿಂತ್ಕೊಂಡೇ ನೋಟ್ಸ್ ಓದೋದು. ಇಂಟರ್ನಲ್ಸ್ ದಿನ ಓದಿದ್ದೆಲ್ಲ ಖಾಲಿ. ನಂಬಿಕಸ್ಥರೊಬ್ಬರ ಹತ್ರ ಹೇಳ್ಕೊಂಡೆ. "ನಿನ್ನ ಪ್ರಾರ್ಥನೆ ಕಡಿಮೆಯಾಗಿದೆ" ಅಂದ್ರು. ಮೊದಲು ಬರೀ ಸುಸ್ತಿತ್ತು, ಆಮೇಲೆ ಅಪರಾಧಿ ಭಾವನೆನೂ ಸೇರ್ತು. ಆ ಮಾತು ತಪ್ಪು ಅಂತ ಹೇಳೋಕೇ ಈ ಸರಣಿ.

2/6
ಎಲೀಯನ ಕಥೆ ಸಂಡೇ ಸ್ಕೂಲಲ್ಲಿ ಕೇಳಿದೀವಿ. ಕರ್ಮೆಲ್ ಬೆಟ್ಟದ ಮೇಲೆ ಬೆಂಕಿ ಇಳಿದ ಭಾಗ ಎಲ್ಲರಿಗೂ ಗೊತ್ತು. ಅದರ ಮುಂದಿನ ಅಧ್ಯಾಯ ಯಾರೂ ಹೇಳಲ್ಲ. ಅದೇ ಪ್ರವಾದಿ ಅಡವಿಗೆ ಓಡಿಹೋಗಿ, ಒಂದು ಗಿಡದ ಕೆಳಗೆ ಕೂತು, ಸಾವು ಬರಲಿ ಅಂತ ಕೇಳ್ತಾನೆ. ಆಗ ದೇವರು "ನಂಬಿಕೆ ಸಾಲದು" ಅಂದನಾ? ಇಲ್ಲ. ಅವನು ನಿದ್ದೆ ಮಾಡಿದ. ದೂತ ಎಬ್ಬಿಸಿ ರೊಟ್ಟಿ, ನೀರು ಕೊಟ್ಟ. ಮತ್ತೆ ಮಲಗಿದ. ಮತ್ತೆ ಊಟ. ಮಾತುಕತೆ ಎಲ್ಲ ಆಮೇಲೆ. 1 ಅರಸುಗಳು, 19ನೇ ಅಧ್ಯಾಯ. ಇವತ್ತೇ ಓದಿ.

3/6
"ರೆಸ್ಟ್ ಆಮೇಲೆ ಮಾಡು, ಮೊದಲು ಸಾಧಿಸು" ಅನ್ನೋ ರೀಲ್ಸ್ ದಿನಕ್ಕೆ ಎಷ್ಟು ನೋಡ್ತೀವಿ! 2023ರಲ್ಲಿ ನಾರಾಯಣ ಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡೀಬೇಕು ಅಂದ್ರು. 2025ರಲ್ಲಿ ಎಲ್ ಅಂಡ್ ಟಿ ಮುಖ್ಯಸ್ಥರ 90 ಗಂಟೆ ಮಾತು ಸುದ್ದಿಯಾಯ್ತು, ಅದೂ ಭಾನುವಾರ ಸೇರಿಸಿ. ಬೈಬಲ್‌ನಲ್ಲಿ ಲೆಕ್ಕ ಉಲ್ಟಾ. ವಿಶ್ರಾಂತಿ ಬೋನಸ್ ಅಲ್ಲ, ಹತ್ತು ಆಜ್ಞೆಗಳಲ್ಲಿ ಒಂದು. ಧರ್ಮೋಪದೇಶಕಾಂಡ ಕಾರಣನೂ ಕೊಡುತ್ತೆ: ನೀವು ಐಗುಪ್ತದಲ್ಲಿ ಗುಲಾಮರಾಗಿದ್ರಿ, ಅದನ್ನ ನೆನಪಿಡಿ. ಅಂದ್ರೆ ರಜೆ ಇಲ್ಲದವನು ಗುಲಾಮ.

4/6
"ರಜೆ ಎಲ್ಲ ಉಳ್ಳವರಿಗೆ, ನಮ್ಮಂಥವರಿಗೆಲ್ಲಿ?" ಅಂತೀರಾ. ಸರಿಯಾದ ಪ್ರಶ್ನೆ. ಆದ್ರೆ ಆ ಆಜ್ಞೆ ಹೇಳ್ತಿರೋದು ಯಾರಿಗೆ ನೋಡಿ. ಮನೆ ಯಜಮಾನನಿಗೆ! ನಿನ್ನ ಆಳು, ಪರದೇಶಿ, ಎತ್ತು, ಕತ್ತೆ, ಎಲ್ಲರಿಗೂ ಬಿಡುವು ಕೊಡು ಅಂತ. ದಣಿದವನ ಮೇಲೆ ಹೊಣೆ ಹಾಕಲಿಲ್ಲ, ದುಡಿಸೋನ ಮೇಲೆ ಹಾಕ್ತು. ನಮ್ಮ ದೇಶದಲ್ಲೂ ವಾರದ ರಜೆ ಸುಮ್ನೆ ಬರಲಿಲ್ಲ. 1890ರಲ್ಲಿ ಬಾಂಬೆ ಗಿರಣಿ ಕಾರ್ಮಿಕರಿಗೆ ಭಾನುವಾರದ ರಜೆ ಸಿಕ್ಕಿದ್ದು ನಾರಾಯಣ ಮೇಘಾಜಿ ಲೋಖಂಡೆಯವರ ಹೋರಾಟದಿಂದ. ಅವರು ಕ್ರೈಸ್ತರಲ್ಲ, ಫುಲೆಯವರ ಸತ್ಯಶೋಧಕ ಸಮಾಜದವರು. ಆದ್ರೂ ಆ ಆಜ್ಞೆಯನ್ನ ನಮಗಿಂತ ಚೆನ್ನಾಗಿ ಪಾಲಿಸಿದ್ರು ಅನ್ಸುತ್ತೆ.

5/6
ಈಗ ನಮ್ಮವರಿಗೇ ಒಂದು ಮಾತು. ಭಾನುವಾರ ಪೂಜೆ, ಆಮೇಲೆ ಕಾಯರ್, ಆಮೇಲೆ ಯೂತ್ ಮೀಟಿಂಗ್. ಬರದಿದ್ರೆ "ಎಲ್ಲಿ ಹೋಗಿದ್ದೆ?" ಅನ್ನೋ ಪ್ರಶ್ನೆ. ಇದು ಸಬ್ಬತ್ತಾ, ಡ್ಯೂಟಿ ಚಾರ್ಟಾ? ಶಿಷ್ಯರಿಗೆ ಊಟಕ್ಕೂ ಪುರುಸೊತ್ತಿಲ್ಲದಾಗ ಯೇಸು ಅವರನ್ನ ಏಕಾಂತ ಜಾಗಕ್ಕೆ ಕರೆದ. ಬಿರುಗಾಳಿಯಲ್ಲಿ ದೋಣಿ ಅಲ್ಲಾಡ್ತಿದ್ರೂ ತಾನೇ ಮಲಗಿದ್ದ. ಬಿಕಾಂ ಭಾಷೆಯಲ್ಲಿ ಹೇಳ್ಬೇಕಂದ್ರೆ, ಕೃಪೆ ಸಂಬಳ ಅಲ್ಲ. ಅದಕ್ಕೆ ಹಾಜರಿ ಪುಸ್ತಕ ಇಲ್ಲ.

ನನ್ನ ತಪ್ಪೂ ಇದೆ. ನಾನು ಭಾನುವಾರ ಮಲಗಿದ್ದಾಗ ಅಮ್ಮ ಅಡುಗೆ ಮನೆಯಲ್ಲೇ ಇದ್ರು. ಆ ಮನೆಯ ಯಜಮಾನಿಕೆಯಲ್ಲಿ ನಂಗೂ ಪಾಲಿದೆ ಅಲ್ವಾ? ಈಗ ಭಾನುವಾರ ರಾತ್ರಿ ಗಂಜಿ, ಪಾತ್ರೆ ಎರಡೂ ನನ್ನದು.

6/6
ಪ್ರಾರ್ಥನೆ ಬಿಡಿ ಅಂತ ಹೇಳ್ತಿಲ್ಲ. ನಾನೂ ಬಿಟ್ಟಿಲ್ಲ. ಆದ್ರೆ ಈಗ ಮಾರ್ಕ್ಸ್ ಕೇಳೋಕೆ ಮಾತ್ರ ಮಾಡಲ್ಲ. ಹೊರೆ ಅಲ್ಲಿಟ್ಟು, ಫೋನ್ ಆಫ್ ಮಾಡಿ, ಹತ್ತೂವರೆಗೆ ಮಲಗ್ತೀನಿ. ನಿದ್ದೆ ಅಂದ್ರೆ ನಾನಿಲ್ಲದಿದ್ರೂ ಲೋಕ ದೇವರ ಕೈಯಲ್ಲಿ ನಡೆಯುತ್ತೆ ಅಂತ ಒಪ್ಪೋದು. ಅದೂ ನಂಬಿಕೆನೇ.

ಮಲಗಿದ್ರೂ ಭಾರ ಇಳೀತಿಲ್ವಾ? ಸಾಯೋ ಯೋಚನೆ ಬರ್ತಿದೆಯಾ? ಟೆಲಿ ಮಾನಸ್, 14416. ಸರ್ಕಾರದ್ದು, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಎಲೀಯನಿಗೂ ರೊಟ್ಟಿ ತಂದ್ಕೊಡೋಕೆ ಒಬ್ಬರು ಬೇಕಾಯ್ತು. ಯಾರಾದ್ರೂ ದಣಿದು ನಿಮ್ಮ ಹತ್ರ ಬಂದ್ರೆ ಉಪದೇಶ ಆಮೇಲೆ ಇರಲಿ. ಮೊದಲು ಊಟ ಆಯ್ತಾ ಕೇಳಿ.