ಬಲೂನು ಎಲುಬು ಮತ್ತು ನಮ್ಮೂರ ಕೊನೆಗೌಡ

ಎಲುಬಿನೊಳಗೆ ಬಲೂನು ತೂರಿಸಿ, ದ್ರವ ತುಂಬಿ, ನೀಲಿ ಬೆಳಕು ಬಿಟ್ಟರೆ ಕೆಲವೇ ನಿಮಿಷದಲ್ಲಿ ಗಟ್ಟಿಯಾಗಿ ರಾಡಿನಂತಾಗುತ್ತದೆ! ಹಲ್ಲಿನ ಡಾಕ್ಟರು ಫಿಲ್ಲಿಂಗ್ ಗಟ್ಟಿ ಮಾಡ್ತಾರಲ್ಲ, ಅದೇ ತಂತ್ರ. ಅಮೆರಿಕದ ಇಲ್ಯುಮಿನಾಸ್ ಕಂಪನಿಯದು. ಸಣ್ಣ ತೂತು ಸಾಕು, ಎಲುಬಿನ ಒಳಗಿನ ಆಕಾರಕ್ಕೆ ತಾನೇ ಹೊಂದಿಕೊಳ್ಳುತ್ತದೆ. ಇಂಜಿನಿಯರ್ ಆದ ನನಗೂ ಭಾರೀ ಖುಷಿಯೇ.

ಆದರೆ ಇದನ್ನು ಫಾರ್ವರ್ಡ್ ಮಾಡಿ "ಇನ್ನು ಅಡಿಕೆ ಮರದಿಂದ ಬಿದ್ದರೂ ಚಿಂತಿಲ್ಲ" ಅನ್ನುವವರನ್ನು ಕಂಡರೆ ಮೈ ಉರಿಯುತ್ತದೆ. ಅಲ್ಲ ಮಾರಾಯ್ರೇ, 2017ರಲ್ಲಿ ಅಮೆರಿಕದ ಎಫ್‌ಡಿಎ ಇದಕ್ಕೆ ಮೊದಲು ಒಪ್ಪಿಗೆ ಕೊಟ್ಟಿದ್ದು ಯಾರಿಗೆ ಗೊತ್ತಾ? ಕ್ಯಾನ್ಸರ್ ಹರಡಿ ಟೊಳ್ಳಾದ ತೋಳು, ಮುಂಗೈ ಎಲುಬುಗಳಿಗೆ. ಮಳೆಯಲ್ಲಿ ಜಾರುವ ಮರದಿಂದ ಬಿದ್ದು ತೊಡೆ ಮುರಿದುಕೊಂಡ ಕೊನೆಗೌಡನಿಗೆ ಇವತ್ತಿಗೂ ಬೇಕಾದದ್ದು ಲೋಹದ ರಾಡು. ಅದು ಜರ್ಮನಿಯ ಕುಂಟ್ಷರ್ 1939ರಲ್ಲೇ ಹಾಕಿ ತೋರಿಸಿದ ವಿದ್ಯೆ. ಅಂದರೆ ನಮಗೆ ಕೊರತೆ ಇರುವುದು ಹೊಸ ತಂತ್ರಜ್ಞಾನದ್ದಲ್ಲ.

ಪೆಟ್ಟು ಜೋರಾದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದವರು ಓಡುವುದು ಹುಬ್ಬಳ್ಳಿಗೋ ಮಣಿಪಾಲಕ್ಕೋ. ಶಿರಸಿಯಿಂದ ಹುಬ್ಬಳ್ಳಿಯೇ ಹತ್ತಿರ ಹತ್ತಿರ ನೂರು ಕಿಲೋಮೀಟರ್. ಕಾರವಾರದಲ್ಲಿ ಮೆಡಿಕಲ್ ಕಾಲೇಜು ಇದೆಯಲ್ಲ ಅಂತೀರಾ? ಅದು ಘಟ್ಟ ಇಳಿದು ಇನ್ನೂ ದೂರ. ಮುರಿದ ತೊಡೆಯೊಳಗೇ ಲೀಟರ್‌ಗಟ್ಟಲೆ ರಕ್ತ ಸೋರಬಹುದು, ಹೊರಗೆ ಒಂದು ಹನಿ ಕಾಣದೆ. 2022ರ ಜುಲೈನಲ್ಲಿ ಹೊನ್ನಾವರದಿಂದ ಹೊರಟ ಆಂಬುಲೆನ್ಸ್ ಶಿರೂರು ಟೋಲ್‌ಗೇಟಿಗೆ ಬಡಿದು ನಾಲ್ವರು ಸತ್ತರು. ಜಿಲ್ಲೆಗೊಂದು ದೊಡ್ಡಾಸ್ಪತ್ರೆ ಬೇಕು ಅಂತ ಆಗ ಎಲ್ಲರೂ ಕೂಗಿದ್ದೇ ಕೂಗಿದ್ದು...

ಆ ಬಲೂನಿನ ವಿಡಿಯೋ ಫಾರ್ವರ್ಡ್ ಮಾಡಲೇಬೇಕು ಅಂತಿದ್ದರೆ ನಿಮ್ಮ ಎಮ್ಮೆಲ್ಲೆಗೆ ಮಾಡಿ. ಜೊತೆಗೆ ಕೇಳಿ: ರಾತ್ರಿ ಹನ್ನೆರಡಕ್ಕೆ ತೊಡೆಗೆ ರಾಡು ಹಾಕುವ ಡಾಕ್ಟರು, ಅರಿವಳಿಕೆಯವರು, ರಕ್ತ, ಮೂರೂ ಒಂದೇ ಕಡೆ ನಮ್ಮ ತಾಲೂಕಲ್ಲಿ ಸಿಗ್ತದಾ?